ಪಂಚಾಯಿತಿ ವ್ಯಾಪ್ತಿಯ ಹೊಲದಲ್ಲಿ ಮನೆ: ಯಾವ ಅನುಮತಿ ಮೊದಲು, ಯಾವುದು ಆಮೇಲೆ?

ಪ್ರಶ್ನೆ: ನೆಲಮಂಗಲ ತಾಲ್ಲೂಕಿನ ನಮ್ಮ ಊರಿನಲ್ಲಿ ಅಣ್ಣತಮ್ಮಂದಿರ ವಿಭಾಗವಾಗಿ ನನ್ನ ಪಾಲಿಗೆ 1 ಎಕರೆ 10 ಗುಂಟೆ ಖುಷ್ಕಿ ಜಮೀನು ಬಂದಿದೆ. ಬೆಂಗಳೂರಿನ ಕೆಲಸ ಬಿಟ್ಟು ಅಲ್ಲಿಯೇ ಮನೆ ಕಟ್ಟಿಕೊಂಡು, ಪಕ್ಕದಲ್ಲಿ ಗಾಣದ ಎಣ್ಣೆ ತೆಗೆಯುವ ಸಣ್ಣ ಘಟಕವೊಂದನ್ನು ನಡೆಸಬೇಕೆಂದಿದ್ದೇನೆ. ಪಂಚಾಯಿತಿ ಲೈಸೆನ್ಸ್ ಸಾಕು ಎನ್ನುವವರಿದ್ದಾರೆ. ಡಿಸಿ ಕನ್ವರ್ಷನ್ ಆಗದೆ ಪಾಯ ತೆಗೆಯಬೇಡಿ ಎನ್ನುವವರೂ ಇದ್ದಾರೆ. ಇದರ ಜೊತೆಗೆ, ಪಕ್ಕದ ಜಮೀನಿನಲ್ಲಿ ಮಾಡಿರುವ ಸೈಟುಗಳಲ್ಲಿ ಒಂದನ್ನು ತಂಗಿಗೆ ಕೊಡಿಸುವ ಮಾತು ನಡೆದಿದ್ದು, ಅದಕ್ಕೆ ಪಂಚಾಯಿತಿಯ ನಮೂನೆ 11ಬಿ ದಾಖಲೆ ಇದೆ ಎಂದು ಮಾರುವವರು ಹೇಳುತ್ತಾರೆ. ನಾನು ಯಾವ ಕಚೇರಿಗೆ ಮೊದಲು ಹೋಗಬೇಕು?

ಉತ್ತರ: ನಿಮಗೆ ಸಲಹೆ ಕೊಟ್ಟ ಇಬ್ಬರೂ ತಮಗೆ ಗೊತ್ತಿರುವ ಒಂದೊಂದು ಕಾನೂನನ್ನು ಹಿಡಿದು ಮಾತನಾಡಿದ್ದಾರೆ. ನಿಮ್ಮ ಜಮೀನಿಗೆ ಅನ್ವಯಿಸುವ ಮುಖ್ಯ ಕಾಯ್ದೆಗಳು ಮೂರು: 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1964ರ ಕರ್ನಾಟಕ ಭೂಕಂದಾಯ ಕಾಯ್ದೆ ಮತ್ತು 1993ರ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಕಾಯ್ದೆ. ಈ ಪ್ರದೇಶದಲ್ಲಿ ಯಾವ ಉಪಯೋಗಕ್ಕೆ ಅವಕಾಶವಿದೆ ಎಂಬುದನ್ನು ಮೊದಲನೆಯದು ತೀರ್ಮಾನಿಸುತ್ತದೆ. ವ್ಯವಸಾಯದ ಭೂಮಿಯನ್ನು ಬೇರೆ ಕೆಲಸಕ್ಕೆ ತಿರುಗಿಸಬಹುದೇ ಎಂಬುದನ್ನು ಎರಡನೆಯದು. ಇಂಥ ನಕ್ಷೆಯ ಕಟ್ಟಡವನ್ನು ಇಲ್ಲಿ ಎಬ್ಬಿಸಬಹುದೇ ಎಂಬುದನ್ನು ಮೂರನೆಯದು. ಒಂದು ಕಚೇರಿಯ ಅನುಮತಿ ಇನ್ನೊಂದು ಕಚೇರಿಯ ಅನುಮತಿಯ ಜಾಗದಲ್ಲಿ ನಿಲ್ಲುವುದಿಲ್ಲ. ಇವನ್ನು ಕೇಳುವ ಕ್ರಮ ತಪ್ಪಿದರೆ ಹಣವೂ ಕಾಲವೂ ವ್ಯರ್ಥವಾಗುತ್ತವೆ. ಅರ್ಜಿ ತಿರಸ್ಕೃತವಾಗಿ ನಷ್ಟಪಟ್ಟವರಿಗಿಂತ, ಕೊನೆಯಲ್ಲಿ ಕೇಳಬೇಕಾದದ್ದನ್ನು ಮೊದಲು ಕೇಳಿ, ಸಿಕ್ಕ ಕಾಗದವನ್ನೇ ನಂಬಿ ಪಾಯ ತೆಗೆದು ನಷ್ಟಪಟ್ಟ ಕುಟುಂಬಗಳು ಹೆಚ್ಚು. ಆದ್ದರಿಂದ ನಿಮ್ಮ ಕ್ರಮ ಹೀಗಿರಲಿ: ಮೊದಲು ದಾಖಲೆ, ನಂತರ ಮಹಾಯೋಜನೆಯ (ಯಾವ ಜಾಗ ಯಾವ ಉಪಯೋಗಕ್ಕೆ ಎಂದು ತೋರಿಸುವ ಮಾಸ್ಟರ್ ಪ್ಲಾನ್) ವಲಯ, ಅದಾದ ಮೇಲೆ ಅಗತ್ಯವಿದ್ದರೆ ಮಾತ್ರ ಭೂಪರಿವರ್ತನೆ (ನೀವು ಕೇಳಿರುವ ಡಿಸಿ ಕನ್ವರ್ಷನ್), ಕೊನೆಗೆ ಕಟ್ಟಡದ ಪರವಾನಗಿ.

ಹಳ್ಳಿಯ ಹೊಲಕ್ಕೆ ಯೋಜನಾ ಪ್ರಾಧಿಕಾರವೇಕೆ ಎಂದು ಹಲವರು ಕೇಳುತ್ತಾರೆ. ನಗರ ಯೋಜನೆಯ ನಿಯಮಗಳು ನಗರಸಭೆಯ ಗಡಿಗೆ ಮುಗಿಯುತ್ತವೆ ಎಂಬ ನಂಬಿಕೆ ಬೆಂಗಳೂರಿನ ಸುತ್ತಲಿನ ತಾಲ್ಲೂಕುಗಳಲ್ಲಿ ಇನ್ನೂ ಬಲವಾಗಿದೆ. ವಾಸ್ತವದಲ್ಲಿ ಬೆಂಗಳೂರು ಗ್ರಾಮಾಂತರ ಜಿಲ್ಲೆಯಿಡೀ 1985ರ ಕಾಯ್ದೆಯಡಿ ರಚನೆಯಾದ ಬೆಂಗಳೂರು ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ ವ್ಯಾಪ್ತಿಗೆ ಸೇರಿದೆ. ಅದರೊಳಗೆ ನೆಲಮಂಗಲಕ್ಕೆ ತನ್ನದೇ ಆದ ಯೋಜನಾ ಪ್ರಾಧಿಕಾರವಿದೆ, ಮತ್ತು ಆ ಪ್ರಾಧಿಕಾರದ ಸ್ಥಳೀಯ ಯೋಜನಾ ಪ್ರದೇಶದೊಳಗೆ ಪಟ್ಟಣದ ಜೊತೆಗೆ ಪೂರ್ತಿ ವ್ಯವಸಾಯವನ್ನೇ ನಂಬಿದ ಹಳ್ಳಿಗಳೂ ಬರುತ್ತವೆ. ಒಂದೇ ತಾಲ್ಲೂಕಿನ ಎರಡು ಹಳ್ಳಿಗಳು ಬೇರೆ ಬೇರೆ ಪ್ರಾಧಿಕಾರಗಳಿಗೆ ಸೇರಿರುವುದೂ ಉಂಟು. ಹೀಗಾಗಿ ಪಕ್ಕದ ಊರಿನ ನೆಂಟರಿಗೆ ಆದದ್ದು ನಿಮಗೂ ಆಗುತ್ತದೆ ಎಂದುಕೊಳ್ಳದೆ, ಗ್ರಾಮದ ಹೆಸರು ಮತ್ತು ಸರ್ವೆ ನಂಬರನ್ನು ಬರೆದುಕೊಂಡು ಹೋಗಿ ವಿಚಾರಿಸಿ. ಗ್ರಾಮವು ಯಾವ ಸ್ಥಳೀಯ ಯೋಜನಾ ಪ್ರದೇಶಕ್ಕೂ ಸೇರಿಲ್ಲದಿದ್ದರೆ, ಜಿಲ್ಲೆಯ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಕಚೇರಿಯಲ್ಲಿ ತಾಂತ್ರಿಕ ಅಭಿಪ್ರಾಯ ಸಿಗುತ್ತದೆ.

ದಾಖಲೆಯ ವಿಷಯಕ್ಕೆ ಬರೋಣ. ವಿಭಾಗವಾಗಿದೆ ಎಂದಿದ್ದೀರಿ, ಆ ವಿಭಾಗಪತ್ರ ನೋಂದಣಿಯಾಗಿದೆಯೇ, ಅದರ ಆಧಾರದ ಮೇಲೆ ಹಕ್ಕು ಬದಲಾವಣೆಯಾಗಿ ಪಹಣಿಯಲ್ಲಿ ನಿಮ್ಮ ಹೆಸರು ಪ್ರತ್ಯೇಕವಾಗಿ ಬಂದಿದೆಯೇ, ಅಥವಾ ಅಣ್ಣತಮ್ಮಂದಿರ ಹೆಸರುಗಳು ಇನ್ನೂ ಜಂಟಿಯಾಗಿಯೇ ಇವೆಯೇ ಎಂಬುದನ್ನು ಮೊದಲು ನೋಡಿ. ಹೆಸರು ಬಂದಿದ್ದರೂ ಪೋಡಿಯಾಗಿಲ್ಲದಿದ್ದರೆ, ಅಂದರೆ ನಿಮ್ಮ ಪಾಲನ್ನು ಅಳೆದು ಪ್ರತ್ಯೇಕಿಸಿಲ್ಲದಿದ್ದರೆ, ನಿಮ್ಮ 1 ಎಕರೆ 10 ಗುಂಟೆಗೆ ಕಾಗದದಲ್ಲಿ ವಿಸ್ತೀರ್ಣವಿದೆಯೇ ಹೊರತು ಎಲ್ಲೆಯಿಲ್ಲ. ಬದುವಿನ ಮೇಲೆ ಕಲ್ಲು ನೆಟ್ಟು ಅಣ್ಣತಮ್ಮಂದಿರು ಒಪ್ಪಿಕೊಂಡ ಗಡಿಯನ್ನು ಯಾವ ಕಚೇರಿಯೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಸರ್ವೆ ನಂಬರಿನ ಒಂದು ಭಾಗಕ್ಕೆ ಮಾತ್ರ ಅರ್ಜಿ ಹಾಕುವುದಾದರೆ, ಆ ಭಾಗವನ್ನು ಅಳೆದು ಗುರುತಿಸುವ 11ಇ ನಕ್ಷೆ ಬೇಕಾಗುತ್ತದೆ. ಭೂಮಾಪಕರು ಬಂದು ಅಳತೆ ಮಾಡುವ ಈ ಕೆಲಸ ನಿಧಾನವಾಗುವುದೇ ಹೆಚ್ಚು, ಆದ್ದರಿಂದ ಇದಕ್ಕೆ ಇಂದೇ ಅರ್ಜಿ ಕೊಡಿ.

ಅದೇ ಹೊತ್ತಿಗೆ ಆಕಾರ್‌ಬಂದ್ (ಸರ್ವೆ ನಂಬರಿನ ವಿಸ್ತೀರ್ಣ ಮತ್ತು ಕಂದಾಯದ ದಾಖಲೆ) ಮತ್ತು ಮೂಲ ಟಿಪ್ಪಣಿಯ (ಮೊದಲ ಅಳತೆಯ ರೇಖಾಚಿತ್ರ) ನಕಲು ತೆಗೆಸಿ ಖರಾಬಿನ ಲೆಕ್ಕ ನೋಡಿ. ಬಂಡೆ, ಕಣ ಮುಂತಾದ ಕಾರಣಕ್ಕೆ ವ್ಯವಸಾಯಕ್ಕೆ ಬಾರದ್ದೆಂದು ಬಿಟ್ಟದ್ದು ಎ-ಖರಾಬು. ದಾರಿ, ಹಳ್ಳ, ಸ್ಮಶಾನದಂತಹ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟದ್ದು ಬಿ-ಖರಾಬು. ನಿಮ್ಮ ಹೊಲದ ನಡುವೆ ಈಗ ರಾಗಿ ಬೆಳೆಯುತ್ತಿರುವ ತಗ್ಗು, ಟಿಪ್ಪಣಿಯಲ್ಲಿ ಹಳ್ಳವೆಂದು ಗುರುತಾಗಿ ಬಿ-ಖರಾಬಿಗೆ ಸೇರಿದ್ದರೆ, ನೂರು ವರ್ಷದಿಂದ ನಿಮ್ಮ ಮನೆತನವೇ ಉತ್ತಿದ್ದರೂ ಅದರ ಮೇಲೆ ಕಟ್ಟಡ ಬರುವಂತಿಲ್ಲ. ಜಮೀನು ಮೂಲತಃ ಸರ್ಕಾರದ ಮಂಜೂರಾತಿಯಿಂದ ಬಂದದ್ದಾಗಿದ್ದರೆ ಇನ್ನೊಂದು ಎಚ್ಚರಿಕೆ ಅಗತ್ಯ. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಮಂಜೂರಾದ ಭೂಮಿಯ ಪರಭಾರೆಯನ್ನು 1978ರ ಕಾಯ್ದೆ ಸರ್ಕಾರದ ಪೂರ್ವಾನುಮತಿಯಿಲ್ಲದೆ ನಿಷೇಧಿಸಿದೆ, ಮತ್ತು 2023ರ ತಿದ್ದುಪಡಿಯ ನಂತರ ಇಂಥ ಭೂಮಿಯನ್ನು ಮರಳಿ ಕೇಳುವ ಅರ್ಜಿಗೆ ಕಾಲಮಿತಿ ಅಡ್ಡಿಯಾಗುವುದಿಲ್ಲ. ತಾತ ಕ್ರಯಕ್ಕೆ ಪಡೆದ ಜಮೀನಾದರೆ, ಮಾರಿದವರಿಗೆ ಅದು ಹೇಗೆ ಬಂದಿತ್ತು ಎಂಬಲ್ಲಿಯವರೆಗೂ ಹಿಂದಕ್ಕೆ ಹೋಗಿ ನೋಡಿ.

ನೆಲಮಂಗಲದ ಮಟ್ಟಿಗೆ ಭೂಸ್ವಾಧೀನದ ಪ್ರಶ್ನೆಯನ್ನೂ ಬಿಡುವಂತಿಲ್ಲ. ದಾಬಸ್‌ಪೇಟೆ ಮತ್ತು ಸೋಂಪುರದ ಕಡೆ ಕೈಗಾರಿಕಾ ಪ್ರದೇಶಗಳಿವೆ, ದಾಬಸ್‌ಪೇಟೆಯನ್ನು ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆಗಳಿಗೆ ಜೋಡಿಸುವ ಉಪನಗರ ವರ್ತುಲ ರಸ್ತೆಯಿದೆ. 1966ರ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28(1)ನೇ ಕಲಮಿನಡಿ ಪ್ರಾಥಮಿಕ ಅಧಿಸೂಚನೆ ಹೊರಟಿರುವ ಸರ್ವೆ ನಂಬರೇ ಎಂಬುದನ್ನು ಲಿಖಿತವಾಗಿ ವಿಚಾರಿಸಿ. ಪಹಣಿಯ ಹನ್ನೊಂದನೇ ಅಂಕಣದಲ್ಲಿ ಇಂಥ ಷರಾ ಕಾಣಬಹುದಾದರೂ, ಕಾಣದಿದ್ದರೆ ಅಧಿಸೂಚನೆಯೇ ಇಲ್ಲವೆಂದು ಅರ್ಥವಲ್ಲ.

ಈಗ ಯೋಜನಾ ಪ್ರಾಧಿಕಾರದ ಕಚೇರಿ. ನಿಮ್ಮ ಸರ್ವೆ ನಂಬರಿಗೆ ಮಹಾಯೋಜನೆಯಲ್ಲಿ ಯಾವ ಭೂ ಉಪಯೋಗ ನಿಗದಿಯಾಗಿದೆ ಎಂಬ ದೃಢೀಕರಣ ಪತ್ರವನ್ನು ಕೇಳಿ ಪಡೆಯಿರಿ. ಆಡುಮಾತಿನಲ್ಲಿ ಯೆಲ್ಲೋ ಜೋನ್ ಎನ್ನುವುದು ವಸತಿ ವಲಯ, ಗ್ರೀನ್ ಜೋನ್ ಎನ್ನುವುದು ಕೃಷಿ ವಲಯ. ನಕ್ಷೆಯ ಬಣ್ಣವನ್ನು ಮೊಬೈಲಿನಲ್ಲಿ ನೋಡಿ ತೀರ್ಮಾನಕ್ಕೆ ಬರಬೇಡಿ. ಸರ್ವೆ ನಂಬರಿನ ಒಂದು ಭಾಗ ವಸತಿಗೂ ಇನ್ನೊಂದು ಭಾಗ ಉದ್ದೇಶಿತ ರಸ್ತೆಗೂ ಹೋಗಿರುವ ಪ್ರಸಂಗಗಳು ಸಾಮಾನ್ಯವಾಗಿವೆ, ಮತ್ತು ಅದು ಸಹಿ ಮುದ್ರೆಯಿರುವ ಪತ್ರ ಹಾಗೂ ಅದಕ್ಕೆ ಲಗತ್ತಿಸಿದ ನಕ್ಷೆಯಲ್ಲಿ ಮಾತ್ರ ಸ್ಪಷ್ಟವಾಗುತ್ತದೆ. ಕೃಷಿ ವಲಯವೆಂದು ಬಂದರೂ ವಲಯ ನಿಯಮಾವಳಿಯನ್ನು ಪೂರ್ತಿ ಓದಿ. ಗ್ರಾಮಠಾಣದ (ಊರಿನ ಮನೆಗಳಿರುವ ಜಾಗ) ಗಡಿಯಿಂದ ಇಂತಿಷ್ಟು ದೂರದೊಳಗೆ ವಾಸದ ಮನೆಗೆ ಅವಕಾಶ ಕೊಡುವ ನಿಯಮ ಹಲವು ಮಹಾಯೋಜನೆಗಳಲ್ಲಿ ಇರುತ್ತದೆ. ನಿಮ್ಮ ಜಮೀನು ಊರಿಗೆ ಅಂಟಿಕೊಂಡಿದ್ದರೆ ಅದೊಂದೇ ಸಾಲು ನಿಮ್ಮ ಸಮಸ್ಯೆಯನ್ನು ಬಗೆಹರಿಸಬಹುದು. ವಲಯವನ್ನೇ ಬದಲಿಸಿಕೊಡುತ್ತೇವೆ ಎಂದು ಮುಂಗಡ ಕೇಳುವವರನ್ನು ಮಾತ್ರ ನಂಬಬೇಡಿ. 1961ರ ಕಾಯ್ದೆಯ 14ಎ ಕಲಮಿನಡಿ ಭೂ ಉಪಯೋಗ ಬದಲಾವಣೆಗೆ ದಾರಿಯಿದೆಯಾದರೂ, ಅದಕ್ಕೆ ಸಾರ್ವಜನಿಕ ಪ್ರಕಟಣೆ, ಆಕ್ಷೇಪಣೆ, ಸರ್ಕಾರದ ಒಪ್ಪಿಗೆ ಎಲ್ಲವೂ ಆಗಬೇಕು. ಮಧ್ಯವರ್ತಿಯೊಬ್ಬರು ತಿಂಗಳೊಳಗೆ ಮುಗಿಸಿಕೊಡುವ ಕೆಲಸ ಅದಲ್ಲ.

ನಿಮ್ಮ ತಾಲ್ಲೂಕಿಗೆ ವಿಶೇಷವಾದ, ಹಾಗೂ ನಾನು ತುಂಬಾ ಮುಖ್ಯವೆಂದು ಭಾವಿಸುವ ವಿಷಯವೊಂದಿದೆ. ಶಿವಗಂಗೆಯ ಬೆಟ್ಟದ ಕಡೆ ಹುಟ್ಟಿ ನೆಲಮಂಗಲ ತಾಲ್ಲೂಕಿನಲ್ಲಿ ಹರಿಯುವ ಕುಮುದ್ವತಿಯು ತಿಪ್ಪಗೊಂಡನಹಳ್ಳಿಯ ಬಳಿ ಅರ್ಕಾವತಿಯನ್ನು ಸೇರುತ್ತದೆ. ಅಲ್ಲಿ 1933ರಲ್ಲಿ ಕಟ್ಟಿದ ಜಲಾಶಯ ದಶಕಗಳ ಕಾಲ ಬೆಂಗಳೂರಿಗೆ ಕುಡಿಯುವ ನೀರು ಕೊಟ್ಟಿತು, ಮೇಲಿನ ಜಲಾನಯನ ಪ್ರದೇಶದಲ್ಲಿ ಹಳ್ಳಗಳು ಮುಚ್ಚಿ, ಕೊಳಚೆ ಸೇರಿ, ಅಂತರ್ಜಲ ಬರಿದಾದಂತೆ ಅದೂ ಸೊರಗಿತು. ಇದನ್ನು ತಡೆಯಲೆಂದೇ ರಾಜ್ಯ ಸರ್ಕಾರ 2003ರಲ್ಲಿ ಆದೇಶ ಹೊರಡಿಸಿ, ಇಡೀ ಜಲಾನಯನ ಪ್ರದೇಶವನ್ನು ವಲಯಗಳಾಗಿ ವಿಂಗಡಿಸಿ, ಜಲಾಶಯಕ್ಕೂ ನದೀಪಾತ್ರಕ್ಕೂ ಹತ್ತಿರವಾದಷ್ಟೂ ಕಟ್ಟಡ ಮತ್ತು ಕೈಗಾರಿಕೆಗಳ ಮೇಲೆ ಬಿಗಿಯಾದ ನಿರ್ಬಂಧ ಹಾಕಿತು. ಆ ಆದೇಶಕ್ಕೆ ಆಮೇಲೆ ತಿದ್ದುಪಡಿಯೂ ಆಗಿದೆ. ಮಹಾಯೋಜನೆಯಲ್ಲಿ ವಸತಿ ವಲಯವೆಂದು ಇದ್ದರೂ ಈ ನಿರ್ಬಂಧ ಅದರ ಮೇಲೆ ಅನ್ವಯಿಸುತ್ತದೆ. ಹಾಗಾಗಿ ದೃಢೀಕರಣ ಪತ್ರ ಕೇಳುವಾಗಲೇ, ನಿಮ್ಮ ಸರ್ವೆ ನಂಬರು ತಿಪ್ಪಗೊಂಡನಹಳ್ಳಿ ಜಲಾನಯನ ಪ್ರದೇಶದ ಯಾವ ವಲಯಕ್ಕೆ ಬರುತ್ತದೆ, ಈಗ ಜಾರಿಯಲ್ಲಿರುವ ಷರತ್ತುಗಳೇನು ಎಂದೂ ಬರೆಸಿಕೊಳ್ಳಿ. ನಿರ್ಬಂಧ ಬಿಗಿಯೆನಿಸಿದರೆ ಬೇಸರ ಬೇಡ. ಊರಿನ ಬಾವಿಗಳು ಬತ್ತಿದ್ದನ್ನು ನೋಡಿದವರಿಗೆ ಈ ನಿಯಮ ಏಕೆ ಬಂತು ಎಂದು ವಿವರಿಸಬೇಕಿಲ್ಲ. ಮಳೆನೀರು ಸಂಗ್ರಹ ಮತ್ತು ಬಚ್ಚಲ ನೀರಿನ ವಿಲೇವಾರಿಯನ್ನು ಮೊದಲ ನಕ್ಷೆಯಲ್ಲಿಯೇ ತೋರಿಸಿ.

ಜಮೀನು ಹೆದ್ದಾರಿಯ ಬದಿಯಲ್ಲಿದ್ದರೆ ಇನ್ನೊಂದು ಅಳತೆ ಬೇಕು. ರಾಷ್ಟ್ರೀಯ ಹೆದ್ದಾರಿ 48 ಮತ್ತು 75 ಎರಡೂ ನೆಲಮಂಗಲದ ಮೂಲಕ ಹಾದುಹೋಗುತ್ತವೆ. ರಾಷ್ಟ್ರೀಯ ಹೆದ್ದಾರಿಯ ನಡುಗೆರೆಯಿಂದ 40 ಮೀಟರಿನವರೆಗೆ ಕಟ್ಟಡ ಬರಬಾರದು ಎಂಬುದು ಸಾಮಾನ್ಯ ಮಾನದಂಡ. ಮೇಲೆ ವಿದ್ಯುತ್ ಪ್ರಸರಣ ಮಾರ್ಗ ಹಾದುಹೋಗಿದ್ದರೆ ಅದರ ಕೆಳಗಿನ ಪಟ್ಟಿಯನ್ನೂ ಬಿಡಬೇಕು. 220 ಕಿಲೋವೋಲ್ಟ್ ಮಾರ್ಗಕ್ಕೆ ಈ ಪಟ್ಟಿ 35 ಮೀಟರ್ ಅಗಲ. ಕೆರೆ ಮತ್ತು ರಾಜಕಾಲುವೆಗಳಿಂದ ಬಿಡಬೇಕಾದ ಅಂತರ ನಿಮ್ಮ ಮಹಾಯೋಜನೆಯ ನಿಯಮಾವಳಿಯಲ್ಲಿರುತ್ತದೆ, ಬೆಂಗಳೂರು ನಗರದ ಅಂಕಿಗಳನ್ನು ತಂದು ಇಲ್ಲಿಗೆ ಹಚ್ಚಬೇಡಿ.

ನಿಮ್ಮ ಪತ್ರ ಓದಿದಾಗ ನನಗೆ ಅನಿಸಿದ್ದೇನೆಂದರೆ, ನಿಮ್ಮ ವಾಸದ ಅಗತ್ಯಕ್ಕೆ ಭೂಪರಿವರ್ತನೆಯೇ ಬೇಕಾಗದಿರಬಹುದು. ಭೂಕಂದಾಯ ಕಾಯ್ದೆಯ 95ನೇ ಕಲಮಿನ ಮೊದಲ ಉಪಕಲಂ, ವ್ಯವಸಾಯದ ಜಮೀನಿನ ಅನುಭವದಾರನು ಬೇಸಾಯಕ್ಕೆ ಬೇಕಾದ ಕಟ್ಟಡ, ಬಾವಿ ಮತ್ತು ತೋಟದ ಮನೆಯನ್ನು ಕಟ್ಟಿಕೊಳ್ಳಲು ಅವಕಾಶ ಕೊಟ್ಟಿದೆ. ಅದಕ್ಕೆ ಎರಡು ಮಿತಿಗಳಿವೆ. ಕಟ್ಟಡ ನಿಂತ ಜಾಗ ಹಿಡುವಳಿಯ ಶೇಕಡ 10ನ್ನು ಮೀರಬಾರದು, ಅದಕ್ಕೂ ನಿಯಮದಲ್ಲಿ ಗರಿಷ್ಠ ಮಿತಿಯಿರುತ್ತದೆ. ಹಾಗೂ ಆ ಮನೆ ರೈತನ ಸ್ವಂತ ಉಪಯೋಗಕ್ಕೇ ಇರಬೇಕು, ವಾಣಿಜ್ಯಕ್ಕೆಂದು ಬಾಡಿಗೆಗೆ ಕೊಡುವಂತಿಲ್ಲ. ನಿಮ್ಮದು 50 ಗುಂಟೆ. ಅದರ ಹತ್ತನೇ ಒಂದು ಭಾಗ 5 ಗುಂಟೆ, ಅಂದರೆ 5,445 ಚದರಡಿ. ನಿಯಮದ ಗರಿಷ್ಠ ಮಿತಿ ಇದಕ್ಕಿಂತ ಕಡಿಮೆಯಿಲ್ಲದಿದ್ದರೆ ಒಂದು ಕುಟುಂಬದ ಮನೆಗೆ ಮತ್ತು ದನದ ಕೊಟ್ಟಿಗೆಗೆ ಜಾಗ ಸಾಲದೆ ಹೋಗುವುದಿಲ್ಲ.

ಆದರೆ ಈ ರಿಯಾಯಿತಿ ಕಂದಾಯ ಕಾಯ್ದೆಯದ್ದು. ಕೆಲವು ಮಹಾಯೋಜನೆಗಳ ಕೃಷಿ ವಲಯದಲ್ಲಿ ತೋಟದ ಮನೆಗೆ ಕನಿಷ್ಠ ಹಿಡುವಳಿ ಎಷ್ಟಿರಬೇಕು, ಮನೆಯ ವಿಸ್ತೀರ್ಣ ಎಷ್ಟನ್ನು ಮೀರಬಾರದು ಎಂಬ ಷರತ್ತುಗಳು ಪ್ರತ್ಯೇಕವಾಗಿ ಇರುವುದರಿಂದ, ಪ್ರಾಧಿಕಾರದಲ್ಲಿ ಇದನ್ನು ಕೇಳಲೇಬೇಕು. ಪಂಚಾಯಿತಿಯ ಅನುಮತಿಯಿಂದಲೂ ಇದು ವಿನಾಯಿತಿ ಕೊಡುವುದಿಲ್ಲ. ತೋಟದ ಮನೆಯ ಅಡಿಯ ಭೂಮಿ ದಾಖಲೆಯಲ್ಲಿ ಕೃಷಿ ಭೂಮಿಯಾಗಿಯೇ ಉಳಿಯುವುದರಿಂದ ಗೃಹಸಾಲ ಕೊಡಲು ಬ್ಯಾಂಕುಗಳು ಹಿಂಜರಿಯುತ್ತವೆ ಎಂಬುದನ್ನೂ ಮುಂಚಿತವಾಗಿ ತಿಳಿದಿರಿ. ಸಾಲದ ಅಗತ್ಯವಿಲ್ಲದೆ, ಉಳಿದ 45 ಗುಂಟೆಯಲ್ಲಿ ನಿಜವಾಗಿಯೂ ಬೇಸಾಯ ಮಾಡುವ ಉದ್ದೇಶ ನಿಮಗಿದ್ದರೆ, ನಾನು ಈ ದಾರಿಯನ್ನೇ ಸೂಚಿಸುತ್ತೇನೆ.

ಸಾಲ ಬೇಕಿದ್ದರೆ, ಅಥವಾ ಘಟಕಕ್ಕಾಗಿ ಪರಿವರ್ತನೆ ಅನಿವಾರ್ಯವಾದರೆ, ಇಡೀ ಜಮೀನನ್ನು ಪರಿವರ್ತಿಸುವ ಆಸೆ ಬೇಡ. ಬೇಕಾದಷ್ಟು ಗುಂಟೆಗೆ ಮಾತ್ರ 11ಇ ನಕ್ಷೆ ಮಾಡಿಸಿ, ಕಂದಾಯ ಇಲಾಖೆಯ ಭೂದಾಖಲೆಗಳ ಜಾಲತಾಣದಲ್ಲಿ ಪ್ರಮಾಣಪತ್ರದೊಂದಿಗೆ (ಅಫಿಡವಿಟ್) ಜಿಲ್ಲಾಧಿಕಾರಿಗಳಿಗೆ ಅರ್ಜಿ ಸಲ್ಲಿಸಿ. ಪರಿವರ್ತನಾ ಶುಲ್ಕ ವಿಸ್ತೀರ್ಣ ಮತ್ತು ಉದ್ದೇಶದ ಮೇಲೆ ನಿಂತಿರುವುದರಿಂದ ಕಡಿಮೆ ಜಾಗಕ್ಕೆ ಕಡಿಮೆ ಹೊರೆ. ಪ್ರಮಾಣಪತ್ರದಲ್ಲಿ ಹೇಳಿದ ಪ್ರತಿಯೊಂದು ಮಾತಿಗೂ ನೀವೇ ಹೊಣೆ. ಮಂಜೂರಾತಿ ಜಮೀನೆಂಬುದನ್ನೋ ನ್ಯಾಯಾಲಯದ ವ್ಯಾಜ್ಯವನ್ನೋ ಮರೆಮಾಚಿದರೆ ಆದೇಶ ರದ್ದಾಗುವ ಅಪಾಯವಿದೆ. ಮಹಾಯೋಜನೆಗೆ ಹೊಂದದ ಉಪಯೋಗಕ್ಕೆ ಪರಿವರ್ತನೆ ಸಿಗುವುದಿಲ್ಲ, ಅದಕ್ಕಾಗಿಯೇ ವಲಯದ ಪತ್ರವನ್ನು ಮೊದಲು ಪಡೆಯಿರಿ ಎಂದದ್ದು. ಅನುಮತಿಯಿಲ್ಲದೆ ತಿರುಗಿಸಿದರೆ 96ನೇ ಕಲಮಿನಡಿ ದಂಡವೂ ತೆರವೂ ಎದುರಾಗುತ್ತವೆ. ಆದೇಶ ಕೈಗೆ ಬಂದ ಮೇಲೆ ಅದರ ಷರತ್ತುಗಳನ್ನು ಒಂದೊಂದಾಗಿ ಓದಿ. ವಾಸದ ಉದ್ದೇಶಕ್ಕೆ ಪಡೆದ ಆದೇಶದ ಮೇಲೆ ಗೋದಾಮು ಕಟ್ಟುವಂತಿಲ್ಲ.

ಕಟ್ಟಡದ ಹಂತದಲ್ಲಿ, ಸ್ಥಳೀಯ ಯೋಜನಾ ಪ್ರದೇಶದೊಳಗಿನ ಅಭಿವೃದ್ಧಿಗೆ 1961ರ ಕಾಯ್ದೆಯ 15ನೇ ಕಲಮಿನಡಿ ಕೆಲಸ ಶುರುಮಾಡಲು ಪ್ರಾಧಿಕಾರದ ಪ್ರಾರಂಭಿಕ ಪ್ರಮಾಣಪತ್ರ ಬೇಕು, ಜೊತೆಗೆ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನಡಿ ಗ್ರಾಮ ಪಂಚಾಯಿತಿಯ ಪರವಾನಗಿ ಬೇಕು. ಅರ್ಜಿಯ ಸ್ವೀಕೃತಿಯನ್ನು ತಪ್ಪದೆ ಪಡೆದು ಇಟ್ಟುಕೊಳ್ಳಿ. ನಿಗದಿತ ಅವಧಿಯಲ್ಲಿ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಂತೆಯೇ ಎಂಬ ವಾದವನ್ನು ಕೇಳಿರುತ್ತೀರಿ; ಕಾನೂನಿನಲ್ಲಿ ಅಂಥ ಅವಕಾಶಗಳಿದ್ದರೂ ಅದನ್ನೇ ನೆಚ್ಚಿ ಕಾಂಕ್ರೀಟು ಹಾಕುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ವಿದ್ಯುತ್ ಸಂಪರ್ಕಕ್ಕೂ ಸಾಲಕ್ಕೂ ಮುಂದೆ ಕೇಳುವುದು ಕಾಗದವನ್ನು. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ನೀಡಿದ ತೀರ್ಪಿನ ನಂತರ ಇದು ಇನ್ನಷ್ಟು ಬಿಗಿಯಾಗಿದೆ. ಅನುಮೋದಿತ ನಕ್ಷೆಯನ್ನು ಕಟ್ಟಡದ ಜಾಗದಲ್ಲಿ ಪ್ರದರ್ಶಿಸಬೇಕು, ಪೂರ್ಣಗೊಂಡ ಅಥವಾ ವಾಸಯೋಗ್ಯ ಪ್ರಮಾಣಪತ್ರ ನೋಡಿದ ಮೇಲೆಯೇ ವಿದ್ಯುತ್ತು ಮತ್ತು ನೀರಿನ ಸಂಪರ್ಕ ಕೊಡಬೇಕು ಎಂದು ಅದು ದೇಶಕ್ಕೆಲ್ಲ ಅನ್ವಯಿಸುವಂತೆ ನಿರ್ದೇಶಿಸಿತು. ಸಣ್ಣ ವಾಸದ ಮನೆಗಳಿಗೆ ರಾಜ್ಯ ಸರ್ಕಾರ ವಿನಾಯಿತಿಗಳನ್ನು ಪ್ರಕಟಿಸಿದೆ. ನಿಮ್ಮ ಮನೆಯ ಅಳತೆಗೆ ಅದು ಅನ್ವಯಿಸುತ್ತದೆಯೇ ಎಂದು ಬೆಸ್ಕಾಂ ಉಪವಿಭಾಗದಲ್ಲಿ ನಕ್ಷೆ ಅಂತಿಮಗೊಳಿಸುವ ಮೊದಲೇ ಕೇಳಿ. ಕೊಳವೆಬಾವಿ ಕೊರೆಸುವುದಾದರೆ, ಅಧಿಸೂಚಿತ ತಾಲ್ಲೂಕುಗಳಲ್ಲಿ 2011ರ ಅಂತರ್ಜಲ ಕಾಯ್ದೆಯಡಿ ಪೂರ್ವಾನುಮತಿ ಬೇಕು.

ಗಾಣದ ಘಟಕವನ್ನು ಮನೆಯ ಅರ್ಜಿಯೊಳಗೆ ಸೇರಿಸಬೇಡಿ. ಯಂತ್ರ ಅಳವಡಿಸುವುದಕ್ಕೆ ಪಂಚಾಯತ್ ರಾಜ್ ಕಾಯ್ದೆಯ 66ನೇ ಕಲಮಿನಡಿ ಪ್ರತ್ಯೇಕ ಅನುಮತಿಯಿದೆ. ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಲ್ಲಿ ನಿಮ್ಮ ಘಟಕ ಎಲ್ಲಿ ಬರುತ್ತದೆ ಎಂಬುದನ್ನು ನೋಡಬೇಕು. ಆಹಾರ ಸುರಕ್ಷತೆಯ ನೋಂದಣಿಯೂ ಬೇಕು. ನೀವು ಬೆಳೆದ ಕಡಲೆಕಾಯಿಯನ್ನು ನಿಮ್ಮ ಮನೆಗೆಂದು ಆಡಿಸುವುದಕ್ಕೂ ಸುತ್ತಲಿನ ಊರುಗಳಿಂದ ಕಾಳು ಕೊಂಡು ಎಣ್ಣೆ ಮಾರುವುದಕ್ಕೂ ಕಾನೂನಿನಲ್ಲಿ ವ್ಯತ್ಯಾಸವಿದೆ, ಎರಡನೆಯದಕ್ಕೆ ತೋಟದ ಮನೆಯ ರಿಯಾಯಿತಿ ಎಂದಿಗೂ ಸಲ್ಲುವುದಿಲ್ಲ. ಸಣ್ಣ ಕೈಗಾರಿಕೆಗಳಿಗೆ ಸಂಬಂಧಿಸಿದ ಪರಿವರ್ತನಾ ನಿಯಮಗಳು ಸಡಿಲವಾಗುತ್ತಿರುವುದರಿಂದ, ಅರ್ಜಿ ಹಾಕುವ ದಿನದ ನಿಯಮವನ್ನು ಜಿಲ್ಲಾ ಕೈಗಾರಿಕಾ ಕೇಂದ್ರದಲ್ಲಿ ಕೇಳಿ ಮುಂದುವರಿಯಿರಿ. ಮನೆ ಮೊದಲು ಕಟ್ಟಿ, ಒಂದೆರಡು ವರ್ಷ ಬೇಸಾಯ ನಿಂತ ಮೇಲೆ ಘಟಕಕ್ಕೆ ಕೈಹಾಕುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಜಲಾನಯನ ವಲಯದ ಷರತ್ತುಗಳು ಘಟಕದ ಮೇಲೆಯೇ ಹೆಚ್ಚು ಬೀಳುವುದರಿಂದ, ಅದೊಂದರ ಕಾರಣಕ್ಕೆ ಮನೆಯ ಕಡತವೂ ನಿಂತುಹೋಗಬಾರದು.

ತಂಗಿಯವರ ಸೈಟಿನ ಬಗ್ಗೆ ನನ್ನ ಸಲಹೆ ಖಚಿತವಾಗಿದೆ: ಈಗ ಮುಂಗಡ ಕೊಡಬೇಡಿ. ಪಂಚಾಯಿತಿ ಸ್ವತ್ತುಗಳ ದಾಖಲೆಯಾದ ಇ-ಸ್ವತ್ತು ತಂತ್ರಾಂಶದಲ್ಲಿ ನಮೂನೆ 9 ಮತ್ತು 11ಎ ಸಿಗುವುದು ಭೂಪರಿವರ್ತನೆ ಮತ್ತು ಬಡಾವಣೆಯ ವಿನ್ಯಾಸ ಅನುಮೋದನೆಯಾದ, ಅಥವಾ ಗ್ರಾಮಠಾಣದೊಳಗಿನ ಕ್ರಮಬದ್ಧ ಸ್ವತ್ತುಗಳಿಗೆ. 11ಬಿ ಎನ್ನುವುದು ಅಂಥ ಅನುಮೋದನೆಯಿಲ್ಲದ ಸ್ವತ್ತುಗಳನ್ನು ಲೆಕ್ಕಕ್ಕೆ ತಂದು ತೆರಿಗೆ ವಸೂಲು ಮಾಡಲು ಇರುವ ನಮೂನೆ. 2025ರಲ್ಲಿ ಪಂಚಾಯತ್ ರಾಜ್ ಕಾಯ್ದೆಗೆ ತಿದ್ದುಪಡಿ ತಂದು ಇಂಥ ಸ್ವತ್ತುಗಳನ್ನು ವ್ಯಾಪಕವಾಗಿ ದಾಖಲಿಸುವ ವ್ಯವಸ್ಥೆ ಮಾಡಿದ್ದರೂ, ತೆರಿಗೆ ಕಟ್ಟಿದ ರಸೀದಿ ಬಡಾವಣೆಯನ್ನು ಕ್ರಮಬದ್ಧಗೊಳಿಸುವುದಿಲ್ಲ; 1961ರ ಕಾಯ್ದೆಯ 17ನೇ ಕಲಮಿನ ವಿನ್ಯಾಸ ಅನುಮೋದನೆ ಇಲ್ಲದ ಕೊರತೆ ಹಾಗೆಯೇ ಉಳಿಯುತ್ತದೆ. ನೋಂದಣಿಯಾಗುತ್ತದೆ ಎಂಬ ಒಂದೇ ಕಾರಣಕ್ಕೆ ಸೈಟು ಸರಿಯಿದೆ ಎಂದುಕೊಂಡು ಜೀವಮಾನದ ಉಳಿತಾಯ ಹಾಕಿದವರ ಸಂಕಟ ದೊಡ್ಡದು. ಮುಂದೆ ಸಕ್ರಮವಾಗುತ್ತದೆ ಎಂಬ ಭರವಸೆಯನ್ನೂ ಬೆಲೆಯಲ್ಲಿ ಸೇರಿಸಿ ಮಾರುತ್ತಾರೆ. ನಿಯಮ ಮೀರಿದ ಕಟ್ಟಡ, ಬಡಾವಣೆಗಳನ್ನು ಸಕ್ರಮಗೊಳಿಸುವ ಅಕ್ರಮ-ಸಕ್ರಮ ಯೋಜನೆಗೆ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿದ್ದನ್ನು ನೆನಪಿಡಿ. ಮಾರುವವರ ಬಳಿ ಮೂರು ಕಾಗದ ಕೇಳಿ: ಇಡೀ ಸರ್ವೆ ನಂಬರಿನ ಪರಿವರ್ತನಾ ಆದೇಶ, ಪ್ರಾಧಿಕಾರ ಅನುಮೋದಿಸಿದ ವಿನ್ಯಾಸ ನಕ್ಷೆ, ಮತ್ತು ರಸ್ತೆ ಹಾಗೂ ಉದ್ಯಾನದ ಜಾಗವನ್ನು ಬಿಟ್ಟುಕೊಟ್ಟ ಪತ್ರ. ಇವುಗಳಲ್ಲಿ ಒಂದಿಲ್ಲದಿದ್ದರೂ ಆ ಹಣವನ್ನು ತಂಗಿಯವರ ಹೆಸರಿನಲ್ಲಿ ಬ್ಯಾಂಕಿನಲ್ಲಿಯೇ ಇಟ್ಟು, ಅನುಮೋದನೆಯಿರುವ ಬಡಾವಣೆಯಲ್ಲಿ ಚಿಕ್ಕದಾದರೂ ಸರಿ, 11ಎ ಇರುವ ಸೈಟನ್ನೇ ನೋಡಿ.